ಗಂಟಲಿನ ಫೀಸು

ನಮ್ಮೂರ ಕೋರ್ಟಿಗೆ ಹೊಸದಾಗಿ ಬಂದವರು ಮಾಡುವ ಮೊದಲನೆಯ ತಪ್ಪೆಂದರೆ, ಕುಂಟುತ್ತಾ ಮೆಟ್ಟಿಲು ಹತ್ತುವವರನ್ನು ಕಂಡು ಪಾಪ ಎನ್ನಿಸಿ, ಯಾವ ಗಾಡಿ ಗುದ್ದಿತು ಎಂದು ವಿಚಾರಿಸುವುದು. ಕುಂಟುವವರು ವಕೀಲರು. ಗಾಡಿ ಗುದ್ದಿದ್ದು ಅವರ ಹಿಂದೆ ಕಡಲೆಕಾಯಿ ಸುಲಿದು ಬಾಯಿಗೆಸೆದುಕೊಳ್ಳುತ್ತಾ, ಪಟ್ಟಿ ಕಟ್ಟಿದ ಕಾಲನ್ನು ಹೊಸ ಬೂಟಿನ ಹಾಗೆ ಟಕಟಕ ಊರಿಕೊಂಡು ಬರುವ ಕಕ್ಷಿದಾರನಿಗೆ. ವಕಾಲತ್ತಿಗೆ ಸಹಿ ಬಿದ್ದ ಗಳಿಗೆಯಲ್ಲೇ ನೋವು ಸಹಿ ಹಾಕಿದವನನ್ನು ಬಿಟ್ಟು ಹಾಕಿಸಿಕೊಂಡವರ ಮೈಗೆ ಹೋಗುತ್ತದೆ. ಗಾಯ ಅವನದೇ, ಪಟ್ಟಿಯೂ ಅವನದೇ, ನೋವು ಮಾತ್ರ ವಕೀಲರದು. ಬೇರೆ ಊರುಗಳಲ್ಲಿ ನೋವನ್ನೂ ಕಕ್ಷಿದಾರನೇ ಇಟ್ಟುಕೊಂಡು, ಮೇಲೆ ಫೀಸನ್ನೂ ಅವನೇ ಕೊಡುತ್ತಾನಂತೆ. ಕೇಳಿದ್ದೇನೆ, ನಂಬಿಲ್ಲ.

ಊರು ಇದಕ್ಕೆ ಹೊಂದಿಕೊಂಡಿದೆ. ಕರಿಕೋಟು ಹೊಲಿಯುವ ದರ್ಜಿ ಅಳತೆ ತೆಗೆದುಕೊಳ್ಳುವ ಮೊದಲು ಬಿಸಿನೀರಿನ ಚೀಲದ ಜೇಬು ಸೊಂಟಕ್ಕಿಡಲೋ ಭುಜಕ್ಕಿಡಲೋ ಎಂದು ಕೇಳುತ್ತಾನೆ. ವಕೀಲರ ಮನೆಗಳಲ್ಲಿ ಬೆಳಿಗ್ಗೆ ಏಳುತ್ತಲೇ, ಇವತ್ತು ಯಾರ ನೋವು ಎಂದು ತಿಳಿದುಕೊಂಡೇ ಒಲೆಯ ಮೇಲೆ ಪಾತ್ರೆ ಇಡುತ್ತಾರೆ. ವಾದ ಮಾಡುವವರಿಗೆಲ್ಲ ವಾತ ಎಂದು ನಾನೇ ಒಂದು ಮದುವೆಯಲ್ಲಿ ಹೇಳಿದ್ದೆ. ಅದೀಗ ಊರಿನ ಮಾತಾಗಿಬಿಟ್ಟಿದೆ, ನನ್ನ ಹೆಸರು ಬಿಟ್ಟುಹೋಗಿದೆ. ನೋವಿಲ್ಲದ ಜಮೀನಿನ ವ್ಯಾಜ್ಯ ಹಿಡಿದವರು ಮಾತ್ರ ಕೋರ್ಟಿನ ಪಡಸಾಲೆಯಲ್ಲಿ ಮದುಮಗನ ಹಾಗೆ ಓಡಾಡುತ್ತಾರೆ. ಹೆಣ್ಣು ಕೊಡುವವರು ಮೊದಲು ವಿಚಾರಿಸುವುದು ಅವರನ್ನೇ. ಇನ್ನೊಂದು ಪದ್ಧತಿ ಇದೆ. ಕೇಸು ಮುಗಿಯುವವರೆಗೆ ವಕೀಲರಿಗೆ ಕಕ್ಷಿದಾರನ ಮನೆಯಿಂದ ಊಟ ಹೋಗಬೇಕು. ಆ ನೋವಿಗೆ ಏನು ಒಗ್ಗುತ್ತದೆ, ಏನು ಒಗ್ಗುವುದಿಲ್ಲ ಎನ್ನುವುದು ಅದನ್ನು ಸಾಕಿದ ಮನೆಗೆ ತಾನೇ ಗೊತ್ತು.

ಕೇಸು ಗೆದ್ದರೂ ಸೋತರೂ ನೋವು ವಕೀಲರನ್ನು ಬಿಡುವುದಿಲ್ಲ. ಅದು ಬಿಡುವುದು ನ್ಯಾಯವಾದ ಫೀಸು ಗೊತ್ತಾದಾಗ. ಅದಕ್ಕೇ ನಮ್ಮಲ್ಲಿ ತೀರ್ಪಿನ ದಿನಕ್ಕಿಂತ ಫೀಸಿನ ದಿನಕ್ಕೆ ಜನ ಹೆಚ್ಚು. ಜಡ್ಜರು ಮೊದಲು ಕೇಳುವುದೆಲ್ಲವನ್ನೂ ಕೇಳುತ್ತಾರೆ: ಕೇಸು ಎಷ್ಟು ಗಂಟುಗಂಟಾಗಿತ್ತು, ಎಷ್ಟು ಕಾಗದ ಓದಬೇಕಾಯಿತು, ಎಷ್ಟು ಹೊತ್ತು ವಾದ ನಡೆಯಿತು, ಇಷ್ಟು ದೊಡ್ಡ ವಕೀಲರೇ ಬೇಕಿತ್ತೋ ನೆನ್ನೆ ಕೋಟು ತೊಟ್ಟವರಿಂದಲೂ ಆಗುತ್ತಿತ್ತೋ. ಅದರ ಮೇಲೆ ಒಂದು ಗೆರೆ ಎಳೆಯುತ್ತಾರೆ. ಗೆರೆಯವರೆಗಿನ ಫೀಸು ಸೋತವರದು. ಗೆರೆ ದಾಟಿದ್ದು ಗೆದ್ದವನ ಪರಿಹಾರದಿಂದ ಮುರಿದುಕೊಳ್ಳಬೇಕಾದ್ದು. ಆಮೇಲೆ ಜಡ್ಜರು ಕೆಳಗಿನಿಂದ ಒಂದೊಂದೇ ಮೊತ್ತ ಹೇಳುತ್ತಾ ಮೇಲಕ್ಕೆ ಹೋಗುತ್ತಾರೆ. ನ್ಯಾಯವಾದ ಮೊತ್ತ ಬಂದೊಡನೆ ನೋವು ಹೋಗುತ್ತದೆ. ವಕೀಲರು ಎದ್ದುನಿಂತು, ಹಗುರವಾಯಿತು ಸ್ವಾಮಿ, ಎನ್ನುತ್ತಾರೆ. ಶಿರಸ್ತೇದಾರರು ಮೊಹರು ಒತ್ತುತ್ತಾರೆ. ಮೊಹರು ಬಿದ್ದ ಮೇಲೆ ಮುಗಿಯಿತು. ಆಗ ಏನಾದರೂ ನೋವು ಉಳಿದಿದ್ದರೆ ಅದು ವಕೀಲರಿಗೆ ಜೀವಮಾನದ ಆಸ್ತಿ. ನಮ್ಮ ಹಳೆಯ ವಕೀಲರೊಬ್ಬರಿಗೆ ಇವತ್ತಿಗೂ ಜಟಕಾ ಸದ್ದು ಕೇಳಿದರೆ ಕಿರುಬೆರಳು ಚುಳ್ ಎನ್ನುತ್ತದೆ.

ಇಷ್ಟು ಹೇಳಿದ ಮೇಲೆ ನನ್ನ ವಿಷಯ. ನನ್ನನ್ನು ಊರಿನವರು ಅಣಕು ಅಚ್ಯುತ ಎನ್ನುತ್ತಾರೆ. ಬಿ.ಎ.ಯಲ್ಲಿ ತರ್ಕಶಾಸ್ತ್ರ ಓದಿದವನು. ಮೇಷ್ಟರ ತರ್ಕ ಮರೆತುಹೋಯಿತು, ಮೇಷ್ಟರ ಕೆಮ್ಮು ಮರೆಯಲಿಲ್ಲ. ಆ ಕೆಮ್ಮಿನಿಂದ ಶುರುವಾದದ್ದು ಹೊಟ್ಟೆಪಾಡಾಯಿತು. ಮದುವೆ, ನಾಮಕರಣ, ಅಂಗಡಿ ಪೂಜೆ, ಎಲ್ಲಿ ಕರೆದರೂ ಹೋಗಿ ಊರಿನವರ ಗಂಟಲುಗಳನ್ನು ಊರಿನವರಿಗೇ ಮಾರುತ್ತಿದ್ದೆ. ಅದರಲ್ಲಿ ಎಲ್ಲರೂ ಕೇಳಿ ಕೇಳಿ ಹಾಕಿಸುತ್ತಿದ್ದ ಐಟಂ ಲಾಯರು ತುಂಗಮ್ಮನವರದು. ತುಂಗಮ್ಮ ನಮ್ಮ ಕೋರ್ಟಿನ ದೊಡ್ಡ ಗಂಟಲು. ಅವರು ಎದ್ದುನಿಂತು ಒಂದು ಉಸಿರು ತುಂಬಿಕೊಂಡು 'ಸ್ವಾಮೀ' ಎಂದು ಎಳೆದರೆ ಮಾಡಿನ ಪಾರಿವಾಳಗಳೆಲ್ಲ ಒಟ್ಟಿಗೇ ಹಾರಿ, ಅವರು ವಾದ ಮುಗಿಸಿ ಕೂತ ಮೇಲೇ ವಾಪಸು ಬರುತ್ತಿದ್ದವು. ಆ 'ಸ್ವಾಮೀ'ಯಲ್ಲಿ ಅರ್ಧ ಬಿನ್ನಹ, ಅರ್ಧ ಗದರಿಕೆ. ಅದನ್ನು ಹಿಡಿಯಲು ನನಗೆ ವರ್ಷಗಳೇ ಬೇಕಾದವು. ಒಂದು ಮದುವೆಯಲ್ಲಿ ಅವರೇ ಕೊನೆಯ ಸಾಲಿನಲ್ಲಿ ಕೂತು ಚಕ್ಕುಲಿ ಕಡಿಯುತ್ತಾ ನನ್ನ ಅಣಕು ನೋಡಿ, ಕಣ್ಣೊರೆಸಿಕೊಂಡು ನಕ್ಕಿದ್ದರು. ಗಟ್ಟಿ ಚಕ್ಕುಲಿ ಎಂದರೆ ಅವರಿಗೆ ಪ್ರಾಣ.

ಆ ದಿನ ಒಬ್ಬ ಎಣ್ಣೆ ವ್ಯಾಪಾರಿಯ ಮಗಳ ಆರತಕ್ಷತೆ. ಮೈಕ್‌ಸೆಟ್ಟು ಬೋರಲಿಂಗಯ್ಯನದು. ಬೋರಲಿಂಗಯ್ಯ ದುಡ್ಡಿಗೆ ಕೊರತೆಯಿಲ್ಲದ ಮನುಷ್ಯ, ಹಗ್ಗಕ್ಕೆ ಮಾತ್ರ ಕೊರತೆ. ಬಿದಿರಿನ ಕಂಬಕ್ಕೆ ದೊಡ್ಡ ಹಾರ್ನನ್ನು ಯಾವುದೋ ಕಾಲದ ನಾರುಹಗ್ಗದಲ್ಲಿ ಕಟ್ಟಿಸಿದ್ದ. ನಾನು ಅದರ ಕೆಳಗೆ ನಿಂತು ತುಂಗಮ್ಮನವರ ಉಸಿರು ತುಂಬಿಕೊಂಡು 'ಸ್ವಾಮೀ' ಎಂದು ಎಳೆದೆ. ಹಾರ್ನಿಗೇ ಮನಸ್ಸು ಕರಗಿತೋ ಏನೋ, ಕಂಬ ಬಿಟ್ಟಿಳಿದು ನೇರ ನನ್ನ ಕುತ್ತಿಗೆಗೆ ಬಂತು. ಮದುಮಗಳಿಗೆ ಹಾರ, ನನಗೆ ಹಾರ್ನು.

ಜೀವ ಉಳಿಯಿತು, ಸ್ವರ ಹೋಯಿತು. ಸ್ವರ ಹೋದ ಮೇಲೆ ವ್ಯಂಜನ ಮಾತ್ರ ಉಳಿದದ್ದು, ಅದೂ ಎಲೆಯ ಮೇಲೆ ನೋಡುವುದಕ್ಕೆ, ನುಂಗುವುದಕ್ಕಲ್ಲ. ಒಂದು ಮಾತಾಡಬೇಕಾದರೆ ಮೊದಲು ಗುಟುಕೊಂದನ್ನು ನುಂಗಬೇಕು. ನುಂಗುವಾಗ ಗಂಟಲಿನ ಬಲಗಡೆ ಮುಳ್ಳು ಹೊರಳಿದಂತಾಗಿ ಗಲ್ಲ ತಾನಾಗಿ ಎಡಕ್ಕೆ ತಿರುಗಬೇಕು. ಅಷ್ಟಾದ ಮೇಲೆ ಬರುವುದು ಗಾಳಿ. ನನ್ನ ಹೆಂಡತಿ ನಾಗವೇಣಿ ಮೊದಲ ವಾರ, ಮನೆ ಎಷ್ಟು ತಣ್ಣಗಿದೆ ಎಂದು ತಮಾಷೆ ಮಾಡಿದಳು. ಎರಡನೆಯ ವಾರ ಹಿತ್ತಲಲ್ಲಿ ನಿಂತು ಅತ್ತಳು.

ಬೋರಲಿಂಗಯ್ಯ ಬಂದು ನೋಡಲಿಲ್ಲ. ಹಗ್ಗ ಹೊಸದು, ತಪ್ಪು ಗಾಳಿಯದು ಎನ್ನುವ ಧಾಟಿಯಲ್ಲಿ ಊರೆಲ್ಲ ಮಾತಾಡಿಕೊಂಡು ತಿರುಗಿದ. ದಾವೆ ಹಾಕೋಣವೆಂದು ನಾವಿಬ್ಬರೂ ವಕೀಲರ ಬೀದಿ ಹಿಡಿದೆವು. ಬೆರಳು, ಮಂಡಿ, ಮೊಣಕೈ ಎಂದರೆ ಕರೆದು ಕೂರಿಸುವವರು ಗಂಟಲು ಎಂದ ಕೂಡಲೇ ಎದ್ದು ನಿಲ್ಲುತ್ತಿದ್ದರು. ಅವರದೇನೂ ತಪ್ಪಿಲ್ಲ. ಗಂಟಲಿನಿಂದ ಬದುಕುವವರು ಗಂಟಲಿನ ನೋವನ್ನು ಹೇಗೆ ಒಳಗೆ ಬಿಟ್ಟುಕೊಳ್ಳಬೇಕು? ಒಬ್ಬರಂತೂ ಬಹಳ ಒಳ್ಳೆಯವರು, ಅದನ್ನೇ ಸ್ವಲ್ಪ ಕೆಳಗಿಳಿಸಿ ಎದೆನೋವು ಎಂದು ಬರೆಸಲು ಸಾಧ್ಯವೇ ಎಂದು ನಾಗವೇಣಿಯನ್ನು ಕೇಳಿದರು.

ಕೊನೆಗೆ ತುಂಗಮ್ಮನವರ ಮನೆ. ಅಲ್ಲಿಗೆ ಹೋಗಲು ನನಗೆ ಮುಖವಿರಲಿಲ್ಲ, ನಾಗವೇಣಿ ಎಳೆದುಕೊಂಡು ಹೋದಳು. ಅವರು ಜಗಲಿಯಲ್ಲಿ ಕಾಲು ಚಾಚಿ ಕೂತು ಡಬ್ಬಿಯಿಂದ ಚಕ್ಕುಲಿ ತೆಗೆದು ಕಡಿಯುತ್ತಿದ್ದರು. ನಾಗವೇಣಿ ಎಲ್ಲವನ್ನೂ ಹೇಳಿ, ಹಾರ್ನು ಬಿದ್ದಾಗ ನಾನು ಯಾರ ಅಣಕು ಮಾಡುತ್ತಿದ್ದೆ ಎನ್ನುವುದನ್ನು ಮಾತ್ರ ನುಂಗಿಕೊಂಡಳು. ತುಂಗಮ್ಮ ನನ್ನ ಕಡೆ ನೋಡಿದರು.

"ನನ್ನ ಐಟಂ ನಡೀತಿತ್ತಂತಲ್ಲೋ," ಎಂದರು. ನಾನು ತಲೆಯಾಡಿಸಿದೆ. ಡಬ್ಬಿಯಲ್ಲಿ ಉಳಿದಿದ್ದ ಕೊನೆಯ ಚಕ್ಕುಲಿಯನ್ನು ಸಾವಕಾಶವಾಗಿ, ಒಂದು ಚೂರೂ ಬಿಡದೆ ತಿಂದು ಮುಗಿಸಿ, ನೀರು ಕುಡಿದು, ಕೈಯೊರೆಸಿಕೊಂಡರು. "ಇಷ್ಟು ವರ್ಷ ನನ್ನ ಗಂಟಲು ನೀನಿಟ್ಕೊಂಡಿದ್ದೆ. ಈಗ ನಿನ್ನದನ್ನ ನಾನಿಟ್ಕೋತೀನಿ. ಎಲ್ಲಿ, ಆ ವಕಾಲತ್ತಿನ ಕಾಗದ ಕೊಡಮ್ಮ ನಾಗವೇಣಿ."

ಸಹಿ ಹಾಕಿದೆ. ಮುಳ್ಳು ಹೋಯಿತು. ಹೋಯಿತು ಎನ್ನುವುದಕ್ಕಿಂತ, ಎದುರಿಗೆ ಹೋಗಿ ಕೂತಿತು: ತುಂಗಮ್ಮ ಏನೋ ಹೇಳಲು ಬಾಯಿ ತೆರೆದವರು ತಡೆದು, ಗುಟುಕು ನುಂಗಿ, ಗಲ್ಲವನ್ನು ಎಡಕ್ಕೆ ತಿರುಗಿಸಿದರು. ನಾಗವೇಣಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಊರಿನವರ ಅಣಕು ಮಾಡಿ ಬದುಕಿದವನನ್ನು ಆವತ್ತು ಮೊದಲ ಸಲ ಇನ್ನೊಬ್ಬರು ಅಣಕಿಸಿದ್ದು, ಅದೂ ಬೇಕೆಂದು ಅಲ್ಲ.

ಮಾರನೆಯ ದಿನದಿಂದ ನಾಗವೇಣಿ ದಿನವೂ ಗಂಜಿ, ಮಜ್ಜಿಗೆಯಲ್ಲಿ ಕಿವುಚಿದ ಅನ್ನ, ಜೇಷ್ಠಮಧುವಿನ ಕಷಾಯ ತೆಗೆದುಕೊಂಡು ಹೋಗತೊಡಗಿದಳು. ಅವರು ಮಾತಾಡುವಂತಿಲ್ಲ, ಇವಳು ಸುಮ್ಮನಿರುವವಳಲ್ಲ. ಹಾಗಾಗಿ ನಮ್ಮ ಮನೆಯ ಸಮಾಚಾರವೆಲ್ಲ ಅವರಿಗೆ ಸಂದಾಯವಾಯಿತು. ಅತ್ತೆ ಮನೆಯ ಜಗಳ, ಹಾಲಿನವಳ ನೀರು, ಎಲ್ಲ. ಪರಿಹಾರ ಬಂದರೆ ಸ್ವಂತದ್ದೊಂದು ಮೈಕ್‌ಸೆಟ್ ಕೊಂಡು ಹೊಸ ಹಗ್ಗದಲ್ಲಿ ಕಟ್ಟಬೇಕೆಂದು ನಾನು ಕನಸು ಕಾಣುತ್ತಿರುವುದನ್ನೂ ಹೇಳಿದ್ದಳು. ಬೇರೆಯವರ ಹಾರ್ನಿನ ಕೆಳಗೆ ನಿಲ್ಲಲು ಆಗ ನನಗೆ ಧೈರ್ಯವಿರಲಿಲ್ಲ. ಸ್ವಂತದ್ದಿಲ್ಲದಿದ್ದರೆ ಈ ಕಸುಬೇ ಇಲ್ಲ ಎನ್ನುವ ಸ್ಥಿತಿ. ಇತ್ತ ನೋವು ಬಿಟ್ಟ ನನ್ನ ಗಂಟಲು ತನ್ನ ಪಾಡಿಗೆ ಮಾಗಿತು. ಕಳೆದುಹೋದ ಸ್ವರಗಳು ಒಂದೊಂದಾಗಿ ಮನೆಗೆ ಬಂದವು. ಮೊದಲು ಗುಬ್ಬಿ, ಆಮೇಲೆ ಸೈಕಲ್ ಬೆಲ್ಲು, ಆಮೇಲೆ ಹಾಲಿನವಳು. ತುಂಗಮ್ಮನವರ ಸ್ವರ ಬಂದ ದಿನ ನಾನು ಯಾರಿಗೂ ಹೇಳಲಿಲ್ಲ. ಅದರ ಒಡತಿಯ ಹತ್ತಿರವೇ ಅದು ಇಲ್ಲದಿರುವಾಗ ನಾನು ಹೇಗೆ ಆಡಲಿ?

ವಾದದ ದಿನ ಕೋರ್ಟು ತುಂಬಿತ್ತು. ತುಂಗಮ್ಮ ಹೇಗೆ ಗುಡುಗುತ್ತಾರೋ ನೋಡೋಣವೆಂದು ಬಂದವರೇ ಹೆಚ್ಚು. ಬೋರಲಿಂಗಯ್ಯನ ಪರ ಧರಣೇಂದ್ರಯ್ಯನವರು, ನುಣ್ಣನೆಯ ಮಾತಿನ ನುಣ್ಣನೆಯ ಮನುಷ್ಯ. ಹಗ್ಗದ ಹೊಸತನದ ಬಗ್ಗೆ ಅವರು ಬಹಳ ಹೊತ್ತು ಮಾತಾಡಿ ಕೂತರು. ತುಂಗಮ್ಮ ಎದ್ದರು. ಗುಟುಕು ನುಂಗಿ, ಆ ಹಾರ್ನನ್ನೂ ಹಗ್ಗವನ್ನೂ ತರಿಸಬೇಕೆಂದು ಕೇಳಿದರು. ತರಿಸಿದರು. ಇನ್ನೊಂದು ಗುಟುಕು ನುಂಗಿ, ಹಾರ್ನನ್ನು ಅದೇ ಹಗ್ಗದಲ್ಲಿ ಮಾಡಿನ ತೊಲೆಗೆ ಕಟ್ಟಿಸಬೇಕೆಂದು ಕೇಳಿದರು. ಕಟ್ಟಿಸಿದರು. ಆಮೇಲೆ ಅದರ ನೇರ ಕೆಳಗೆ ಕುರ್ಚಿಯೊಂದನ್ನು ತಾವೇ ಎಳೆದಿಟ್ಟು, ಬೋರಲಿಂಗಯ್ಯನ ಕಡೆ ತಿರುಗಿ, ಗಾಳಿಯಂಥ ದನಿಯಲ್ಲಿ, "ಬನ್ನಿ, ಕೂತ್ಕೊಳ್ಳಿ," ಎಂದರು.

ಬೋರಲಿಂಗಯ್ಯ ಮೇಲೆ ನೋಡಿದ, ಕುರ್ಚಿ ನೋಡಿದ, ಧರಣೇಂದ್ರಯ್ಯನವರ ಮುಖ ನೋಡಿದ. ತನಗೆ ನಿಂತೇ ಅಭ್ಯಾಸ ಎಂದ. ಜಡ್ಜ್ ಬಸವಂತಯ್ಯನವರು ಕೋರ್ಟಿನಲ್ಲಿ ನಿಂತವರು ಕೂರಲೂ ಬಹುದೆಂದು ಅಪ್ಪಣೆ ಕೊಡಿಸಿದರು. ಆತ ಕೂರಲಿಲ್ಲ. ಮೇಲೆ ಹಗ್ಗ ಕಿರ್ ಎಂದಿತು. ಅಷ್ಟರಲ್ಲಿ ಬೋರಲಿಂಗಯ್ಯ ಪರಿಹಾರ ಒಪ್ಪಿಕೊಂಡಾಗಿತ್ತು. ಅಷ್ಟು ದೊಡ್ಡ ಕೇಸು ಕಾಫಿ ಹೊತ್ತಿಗೆ ಮೊದಲೇ ಮುಗಿದದ್ದು ನಮ್ಮ ಕೋರ್ಟಿನಲ್ಲಿ ಅದೇ ಮೊದಲು.

ಫಜೀತಿ ಶುರುವಾದದ್ದು ಫೀಸಿನ ದಿನ. ಬಸವಂತಯ್ಯನವರಿಗೆ ಒಂದು ಅಭ್ಯಾಸ, ಫೀಸು ಕೇಳುವಾಗ ಕಣ್ಣು ಮುಚ್ಚಿಕೊಂಡಿರುತ್ತಾರೆ. ಮುಖ ನೋಡಿದರೆ ನೋವಿನ ನಟನೆಗೆ ಮೋಸಹೋಗುತ್ತೇನೆ ಎನ್ನುವುದು ಅವರ ವಾದ. ನಿದ್ದೆ ಎನ್ನುವುದು ಊರಿನವರ ವಾದ. ಧರಣೇಂದ್ರಯ್ಯನವರು ಎದ್ದು ಬೆಣ್ಣೆಯಂಥ ದನಿಯಲ್ಲಿ ಲೆಕ್ಕ ಒಪ್ಪಿಸಿದರು. ಓದಿದ ಕಾಗದ ಬೆರಳೆಣಿಕೆಯವು. ವಿಚಾರಣೆ ನಡೆದದ್ದು ಅರ್ಧ ಬೆಳಿಗ್ಗೆ. ಎದುರು ಪಕ್ಷದ ವಕೀಲರು ಆಡಿದ ಮಾತು ಹಿಡಿ ತುಂಬ ಇಲ್ಲ. "ನಿಜವಾಗಿ ವಾದ ಮಾಡಿದ್ದು ಹಾರ್ನು, ಸ್ವಾಮಿ. ಫೀಸು ಕೊಡೋದೇ ಆದರೆ ಅದಕ್ಕೆ ಕೊಡಬೇಕು. ಅದು ನಮ್ಮದೇ ಹಾರ್ನು." ಜನ ನಕ್ಕರು. ನಾನೂ ಒಂದು ಕ್ಷಣ ನಕ್ಕೆ. ಒಳ್ಳೆಯ ಮಾತು ಯಾರು ಆಡಿದರೂ ನನಗೆ ನಗು ತಡೆಯುವುದಿಲ್ಲ.

ಜಡ್ಜರು ತುಂಗಮ್ಮನವರನ್ನು ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ತುಂಗಮ್ಮ ಇಲ್ಲವೆಂದು ತಲೆಯಾಡಿಸಿದರು. ಕಣ್ಣು ಮುಚ್ಚಿದ್ದ ಜಡ್ಜರಿಗೆ ಅದು ಕಾಣಲಿಲ್ಲ. ಶಿರಸ್ತೇದಾರರು, ಇಲ್ಲವಂತೆ ಸ್ವಾಮಿ, ಎಂದರು. ನಾನು ಹೇಳಬಹುದಿತ್ತು, ಆದರೆ ನಮ್ಮ ಕೋರ್ಟಿನ ಒಳಗೆ ನೋವು ಒಪ್ಪಿಸಿದ ಕಕ್ಷಿದಾರನಿಗೆ ಬಾಯಿಲ್ಲ. ನೋವು ಎಲ್ಲಿದೆಯೋ ಬಾಯಿ ಅಲ್ಲಿ, ಇದು ಹಿಂದಿನಿಂದ ಬಂದ ಕಟ್ಟಳೆ. ಬಸವಂತಯ್ಯನವರು ಮಾತಿನ ಲೆಕ್ಕ, ಹೊತ್ತಿನ ಲೆಕ್ಕ, ಕಾಗದದ ಲೆಕ್ಕ ಎಲ್ಲ ನೋಡಿ ಮುನ್ನೂರು ವರಹಕ್ಕೆ ಗೆರೆ ಎಳೆದರು. ಅಲ್ಲಿಯವರೆಗೆ ಬೋರಲಿಂಗಯ್ಯ, ಅದರಾಚೆಗೆ ಅಚ್ಯುತ.

ಮೊತ್ತಗಳು ಶುರುವಾದವು. ನೂರು ಎಂದರು. ತುಂಗಮ್ಮ ಏಳಲಿಲ್ಲ. ನೂರೈವತ್ತು. ಇನ್ನೂರು. ನಾನು ಅವರ ಗಲ್ಲವನ್ನೇ ನೋಡುತ್ತಿದ್ದೆ, ಅದು ಎಡಕ್ಕೇ ಇತ್ತು. ಜಡ್ಜರು ಮುನ್ನೂರು ಎಂದ ಕೂಡಲೇ, ಇನ್ನೊಂದು ಮೊತ್ತಕ್ಕೆ ಅವರ ಬಾಯಿ ತೆರೆಯುವ ಮೊದಲೇ, ತುಂಗಮ್ಮ ಎದ್ದುನಿಂತರು.

"ಹಗುರವಾಯಿತು, ಸ್ವಾಮಿ."

ಜನ ಉಸಿರು ಬಿಟ್ಟರು. ಬೋರಲಿಂಗಯ್ಯ ಹೆಗಲ ಮೇಲಿನ ಟವೆಲು ಕೊಡವಿಕೊಂಡ. ಶಿರಸ್ತೇದಾರರು ಮೊಹರನ್ನು ಮಸಿಯಲ್ಲಿ ಅದ್ದಿದರು. ಪಕ್ಕದಲ್ಲಿದ್ದ ನಾಗವೇಣಿ ಕೈಮುಗಿದು, "ಸದ್ಯ, ಗೆರೆ ಮೇಲೇ ನಿಂತಿತಲ್ಲ," ಎಂದು ಪಿಸುಗುಟ್ಟಿದಳು. ನಾನು ಮಾತ್ರ ಕೈಮುಗಿಯಲಿಲ್ಲ. ಯಾಕೆಂದರೆ ಆ ಮಾತಿಗೆ ಮೊದಲು ಒಂದು ಗುಟುಕು ಕೇಳಿಸಿತ್ತು. ಬಹಳ ಸಣ್ಣದು, ಬಚ್ಚಿಟ್ಟದ್ದು. ಊರಿನಲ್ಲಿ ಇನ್ಯಾರಿಗೂ ಅದು ಕೇಳಿಸುವಂತಿರಲಿಲ್ಲ. ಆದರೆ ಆ ಗುಟುಕು ನನ್ನದು. ಎಷ್ಟೋ ಹಗಲು ಒಂದೊಂದು ಮಾತಿಗೂ ನಾನು ಕೊಟ್ಟ ಸುಂಕ ಅದು. ಮುಳ್ಳು ಇನ್ನೂ ಅಲ್ಲೇ ಇದೆ, ನನ್ನ ಮೈಕ್‌ಸೆಟ್ಟು ಉಳಿಯಲೆಂದು ಈ ಹೆಂಗಸು ಅದನ್ನು ಜೀವಮಾನಕ್ಕೆ ಇಟ್ಟುಕೊಳ್ಳಲು ಹೊರಟಿದ್ದಾರೆ ಎಂದು ನನಗೆ ಒಂದೇ ಏಟಿಗೆ ಗೊತ್ತಾಯಿತು. ಇನ್ನು ಮೇಲೆ ಪಾರಿವಾಳಗಳು ಹಾರುವುದಿಲ್ಲ. ಇನ್ನು ಮೇಲೆ ಚಕ್ಕುಲಿಯೂ ಇಲ್ಲ.

ಮೊಹರು ಮೇಲೆದ್ದಿತು. ಬಾಯಿಲ್ಲದವನು ಏನು ಮಾಡಬೇಕು? ನನಗೆ ಬರುವುದು ಒಂದೇ ವಿದ್ಯೆ. ಎದ್ದುನಿಂತೆ, ಉಸಿರು ತುಂಬಿಕೊಂಡೆ.

"ಸ್ವಾಮೀ, ಇನ್ನೂ ಹಗುರವಾಗಿಲ್ಲ."

ತುಂಗಮ್ಮನವರ ಸ್ವರ, ಹಳೆಯದು, ಪೂರ್ತಿ, ಅರ್ಧ ಬಿನ್ನಹ, ಅರ್ಧ ಗದರಿಕೆ. ಮಾಡಿನಲ್ಲಿ ಪಾರಿವಾಳಗಳು ಕುತ್ತಿಗೆ ಎತ್ತಿದವು, ಆದರೆ ಹಾರಲಿಲ್ಲ. ನಕಲು ಎಂದು ಅವಕ್ಕೂ ಗೊತ್ತು. ಶಿರಸ್ತೇದಾರರ ಕೈ ಮೊಹರಿನ ಸಮೇತ ಗಾಳಿಯಲ್ಲೇ ನಿಂತಿತು. ಬಸವಂತಯ್ಯನವರು ಕಣ್ಣು ತೆರೆಯದೆಯೇ ಹುಬ್ಬು ಗಂಟಿಕ್ಕಿದರು.

"ತುಂಗಮ್ಮನವರೇ, ಆಯಿತು ಅಂತೀರೋ, ಆಗಿಲ್ಲ ಅಂತೀರೋ?"

ಧರಣೇಂದ್ರಯ್ಯನವರು ಎದ್ದು, ಇದು ಅವರಲ್ಲ, ಅವರ ಕಕ್ಷಿದಾರ, ಊರಿಗೆಲ್ಲ ಗೊತ್ತಿರುವ ಅಣಕಿನವನು, ಕಕ್ಷಿದಾರನಿಗೆ ಇಲ್ಲಿ ಬಾಯಿಲ್ಲ ಎಂದು ನೆನಪಿಸಿದರು. ಜಡ್ಜರು ಕಣ್ಣು ತೆರೆದರು. ಫೀಸಿನ ದಿನ ಅವರ ಕಣ್ಣಿನ ಬಣ್ಣ ನೋಡಿದ್ದು ನಮ್ಮೂರಿನಲ್ಲಿ ಅದೇ ಮೊದಲಿರಬೇಕು. ತುಂಗಮ್ಮ ನನ್ನ ಕಡೆ ತಿರುಗಿ, ಕೂತುಕೋ ಎಂದು ಕೈಸನ್ನೆ ಮಾಡಿದರು, ಆಮೇಲೆ ಹಲ್ಲು ಕಚ್ಚಿದರು, ಆಮೇಲೆ ಕೈ ಮುಗಿದರು. ನಾನು ಅವರ ಕಡೆ ನೋಡದೆ ಅವರ ಸ್ವರದಲ್ಲೇ ಮುಂದುವರಿಸಿದೆ.

"ನನ್ನ ಕಕ್ಷಿದಾರನಿಗೆ ಬಾಯಿಲ್ಲ ಅನ್ನೋದು ಸರಿ, ಸ್ವಾಮೀ. ಅವನು ಬಾಯಿ ಮುಚ್ಕೊಂಡೇ ಇದ್ದಾನೆ. ಇದು ಅವನ ವಕೀಲರ ಗಂಟಲು. ಗೆರೆ ದಾಟಿದ್ದನ್ನ ಅವನ ಪರಿಹಾರದಿಂದ ಮುರ್ಕೋಬಹುದು, ಅವನ ತಕರಾರಿಲ್ಲ. ಮೊಹರು ಮಾತ್ರ ಒತ್ತಬೇಡಿ."

ನಗು ಬರಬೇಕಾದ ಜಾಗದಲ್ಲಿ ಯಾರೂ ನಗಲಿಲ್ಲ. ನನ್ನ ಕಸುಬಿನಲ್ಲಿ ಅಂಥ ಮೌನ ಕೇಳಿದರೆ ಎದೆ ಒಡೆಯುತ್ತದೆ. ನಾಗವೇಣಿಯ ಮುಖ ನೋಡಿದೆ; ಅವಳಿಗೆ ಅರ್ಥವಾಗಿತ್ತು. ಮೈಕ್‌ಸೆಟ್ಟು ಹೋದರೆ ಹೋಗಲಿ ಎನ್ನುವ ಹಾಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತಳು.

ಬಸವಂತಯ್ಯನವರು ಮತ್ತೆ ಕಣ್ಣು ಮುಚ್ಚಿದರು. ತುಂಗಮ್ಮನವರು ಅದೇ ಮಾತನ್ನು ಇನ್ನೊಮ್ಮೆ ಹೇಳಬೇಕೆಂದರು. ತುಂಗಮ್ಮ ಹೇಳಿದರು: ಹಗುರವಾಯಿತು, ಸ್ವಾಮಿ. ನೀನೂ ಹೇಳು ಎಂದು ಜಡ್ಜರು ನನಗೆ ಅಂದರು. ನಾನು ಅವರ ಹಳೆಯ ಸ್ವರದಲ್ಲಿ ಹೇಳಿದೆ. ಆಮೇಲೆ ಕೇಳದೆಯೇ ಮೂರನೆಯ ಸಲ ಹೇಳಿದೆ, ಹಾರ್ನು ಬಿದ್ದ ಮೇಲಿನ ನನ್ನದೇ ಸ್ವರದಲ್ಲಿ. ಮೊದಲು ಗುಟುಕು, ಗಲ್ಲ ಎಡಕ್ಕೆ, ಆಮೇಲೆ ಗಾಳಿ. ಹಗುರವಾಯಿತು, ಸ್ವಾಮಿ. ತುಂಗಮ್ಮನವರ ಈಗಿನ ಮಾತಿಗೂ ನನ್ನ ಆಗಿನ ಮಾತಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅಷ್ಟು ಜನರ ನಡುವೆ ಆ ಸಣ್ಣ ಗುಟುಕು ಎಲ್ಲರಿಗೂ ಕೇಳಿಸಿತು.

"ಮುಂದುವರಿಸೋಣ," ಎಂದರು ಬಸವಂತಯ್ಯನವರು.

ಮೊತ್ತ ಗೆರೆ ದಾಟಿತು. ಮುನ್ನೂರೈವತ್ತು ಎನ್ನುವಾಗ ತುಂಗಮ್ಮ ಬೇಡವೆಂದು ಕೈಯಾಡಿಸುತ್ತಿದ್ದರು. ನಾನೂರು ಎನ್ನುವಾಗ ಎರಡೂ ಕೈ ಆಡಿಸುತ್ತಿದ್ದರು. ಮುಚ್ಚಿದ ಕಣ್ಣಿಗೆ ಕೈ ಎಷ್ಟಾದರೇನು? ನಾನೂರೈವತ್ತು. ಐನೂರು. ಆ ಮಾತು ಜಡ್ಜರ ಬಾಯಿಂದ ಪೂರ್ತಿ ಹೊರಗೆ ಬಂತೋ ಇಲ್ಲವೋ, ಮಾಡಿನ ಪಾರಿವಾಳಗಳೆಲ್ಲ ಒಟ್ಟಿಗೇ ಹಾರಿದವು.

"ಏ ಅಚ್ಯುತಾ, ಕೂತ್ಕೊಳೋ ತಲೆಹರಟೆ. ನಿನ್ನ ಮೈಕ್‌ಸೆಟ್ ದುಡ್ಡು ಕರಗಿಸೋದಕ್ಕೇನೋ ನಾನು ಇಷ್ಟು ದಿನ ಆ ಸಪ್ಪೆ ಗಂಜಿ ಕುಡಿದಿದ್ದು? ನಿನಗೆ ಕಾನೂನು ಕಲಿಸ್ದೋರ್ಯಾರು, ಆ ಹಾರ್ನೇ?"

ಮಾತು ಮುಗಿದ ಮೇಲೆ ಅವರೇ ಬೆಚ್ಚಿಬಿದ್ದರು. ಗಂಟಲಿಗೆ ಕೈ ಹೋಯಿತು. ನುಂಗಿದರು, ಗಲ್ಲ ಎಡಕ್ಕೆ ತಿರುಗದೆ ನೇರವಾಗಿಯೇ ಇತ್ತು. ಗದರಿಕೆ ಇನ್ನೂ ಗೋಡೆಯಿಂದ ಗೋಡೆಗೆ ಬಡಿಯುತ್ತಿತ್ತು. ನನ್ನ ಜೀವಮಾನದಲ್ಲಿ ಅಷ್ಟು ಜೋರಾಗಿ ಯಾರೂ ನನ್ನನ್ನು ಬೈದಿಲ್ಲ. ಅಷ್ಟು ಸುಖವನ್ನು ನಾನು ಮತ್ತೆ ಕಂಡಿಲ್ಲ. ನಾಗವೇಣಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು, ಆದರೂ ಗಂಜಿಯನ್ನು ಸಪ್ಪೆ ಎಂದದ್ದು ಅವಳಿಗೆ ನಾಟಿದೆ ಎನ್ನುವುದು ಭುಜ ನೋಡಿದರೆ ತಿಳಿಯುತ್ತಿತ್ತು.

"ಹಗುರವಾಯಿತು ಅಂತ ಬೇರೆ ಹೇಳೋದು ಬೇಡ," ಎಂದು ಬಸವಂತಯ್ಯನವರು ಕಣ್ಣು ತೆರೆದು ಐನೂರು ಎಂದು ಬರೆದುಕೊಂಡರು. ಆಮೇಲೆ ಧರಣೇಂದ್ರಯ್ಯನವರ ಕಡೆ ತಿರುಗಿದರು. ಗೆರೆಯನ್ನು ತಾವು ಎಳೆದದ್ದು ಆಡಿದ ಮಾತಿನ ಲೆಕ್ಕದ ಮೇಲೆ, ಮಾತು ಯಾಕೆ ಕಡಿಮೆಯಾಯಿತು ಎನ್ನುವುದನ್ನು ಕೇಳುವುದು ಮರೆತಿದ್ದರಂತೆ. "ನಿಮ್ಮ ಕಕ್ಷಿದಾರರ ಹಾರ್ನು ಬಿದ್ದು ಗಂಟಲು ಹೋಯಿತು. ಗಂಟಲು ಹೋದದ್ದಕ್ಕೆ ಮಾತು ಕಡಿಮೆ. ಮಾತು ಕಡಿಮೆಯಾದದ್ದಕ್ಕೆ ನಿಮ್ಮ ಕಕ್ಷಿದಾರರಿಗೇ ರಿಯಾಯಿತಿ. ಇದು ಆ ಹಗ್ಗಕ್ಕಿಂತ ಹಳೇ ಹಗ್ಗ, ಧರಣೇಂದ್ರಯ್ಯನವರೇ, ಇದನ್ನ ನಾನು ಕಟ್ಟಲಾರೆ." ಗಂಟಲಿನ ಕೇಸಿನಲ್ಲಿ ಹತ್ತು ಮಾತಿಗೆ ಬೇಕಾದ ಬುದ್ಧಿಯನ್ನು ಒಂದು ಮಾತಿಗೆ ಖರ್ಚು ಮಾಡಬೇಕಾಗುತ್ತದೆ, ಕೋರ್ಟಿನ ಹೊತ್ತು ಉಳಿಸಿದ ವಕೀಲರಿಗೆ ಉಳಿಸಿದ ಹೊತ್ತಿನ ದಂಡ ಹಾಕುವುದು ನ್ಯಾಯವಲ್ಲ ಎಂದೂ ಬರೆಸಿದರು. ಗೆರೆಯನ್ನು ಐನೂರಕ್ಕೆ ಸರಿಸಿದರು. ಧರಣೇಂದ್ರಯ್ಯನವರು ಸೋಲಿನಲ್ಲೂ ಚೆನ್ನಾಗಿ ಬಗ್ಗುವ ಮನುಷ್ಯ, ಬಗ್ಗಿದರು. ಬೋರಲಿಂಗಯ್ಯ ಇನ್ನೂ ತೊಲೆಯ ಕೆಳಗಿನ ಜಾಗ ತಪ್ಪಿಸಿಕೊಂಡೇ ನಿಂತಿದ್ದ.

ಆಮೇಲೆ ಜಡ್ಜರು ನನ್ನನ್ನು ಮುಂದೆ ಕರೆದರು. ಬಾ ಎಂದು ಕೈ ಮಾಡಿದ ರೀತಿಯಲ್ಲೇ ದಂಡ ಇತ್ತು. ಕೋರ್ಟಿನ ಒಳಗೆ ಅಣಕು ಮಾಡಿದ್ದು ಅಪರಾಧ, ಅದಕ್ಕೆ ದಂಡವಾಗಿ ಒಂದು ಸಂಜೆ ಇದೇ ಪಡಸಾಲೆಯಲ್ಲಿ ಕೂತು ನೋವಿರುವ ವಕೀಲರನ್ನೆಲ್ಲ ನಗಿಸಬೇಕು, ಅವರಿವರು ಎನ್ನದೆ ಎಲ್ಲರ ಅಣಕೂ ಆಗಬೇಕು ಎಂದು ಅಪ್ಪಣೆಯಾಯಿತು. ಜಡ್ಜರದೂ ಆಗಬೇಕೇ ಎಂದು ನಾನು ಕೇಳಲಿಲ್ಲ. ನನಗೆ ಬಾಯಿರಲಿಲ್ಲವಲ್ಲ.

ದಂಡ ಒಂದು ಸಂಜೆಯದು. ನಾನು ಇವತ್ತಿಗೂ ಕಟ್ಟುತ್ತಿದ್ದೇನೆ. ಪ್ರತಿ ತಿಂಗಳು ಕೊನೆಯ ಶನಿವಾರ ಕೋರ್ಟು ಮುಗಿಯುವ ಹೊತ್ತಿಗೆ ನನ್ನ ಸ್ವಂತ ಮೈಕ್‌ಸೆಟ್ಟು, ಪ್ರತಿ ಸಲ ಹೊಸದಾಗಿ ಕೊಂಡ ಹಗ್ಗ. ಸೊಂಟದ ವಕೀಲರು ಒರಗಿ ಕೂರುತ್ತಾರೆ, ಮಂಡಿಯವರು ಕಾಲು ಚಾಚುತ್ತಾರೆ, ಪಕ್ಕೆಲುಬಿನ ಕೇಸು ಹಿಡಿದವರು ನಗಬಾರದೆಂದು ಬಾಯಿಗೆ ಕರವಸ್ತ್ರ ತುರುಕಿಕೊಂಡು, ಸಾಕಪ್ಪ, ಸಾಕಪ್ಪ, ಎಂದು ಕೈಮುಗಿಯುತ್ತಾ ನಗುತ್ತಾರೆ. ಕಣ್ಣು ಮುಚ್ಚಿ ಮೊತ್ತ ಹೇಳುವವರ ಅಣಕೂ ಮಾಡುತ್ತೇನೆ. ಆ ಹೊತ್ತಿಗೆ ಮೊದಲ ಸಾಲಿನ ಮಧ್ಯದಲ್ಲಿ ಕೂತವರೊಬ್ಬರು ಕಣ್ಣು ಮುಚ್ಚಿಕೊಳ್ಳುತ್ತಾರೆ.

ಕೊನೆಯ ಐಟಂ ತುಂಗಮ್ಮನವರದು. ಅವರು ಕೊನೆಯ ಸಾಲಿನಲ್ಲಿ, ನಾಗವೇಣಿ ಕಳಿಸಿದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಾರೆ. ಗಂಜಿಯ ಸೇಡಿಗೋ ಏನೋ, ನಾಗವೇಣಿ ಆ ಚಕ್ಕುಲಿಯನ್ನು ಕಲ್ಲಿಗಿಂತ ಗಟ್ಟಿಯಾಗಿ ಕರಿಯುತ್ತಾಳೆ. ನಾನು ಸೆರಗು ಹೊದ್ದವನ ಹಾಗೆ ಹೆಗಲು ಸರಿಮಾಡಿಕೊಂಡು, ಎದೆ ತುಂಬ ಉಸಿರು ತುಂಬಿಕೊಂಡು, ಬಾಯಿ ತೆರೆದು, ಅಲ್ಲೇ ನಿಲ್ಲಿಸುತ್ತೇನೆ. ಹಿಂದಿನಿಂದ ಕಟಂ, ಕಟಂ ಎಂದು ಚಕ್ಕುಲಿ ಕಡಿಯುವುದು ಮಾತ್ರ ಕೇಳಿಸುತ್ತದೆ. ಆ ಸದ್ದು ಸಾವಕಾಶವಾಗಿ ನಿಲ್ಲುತ್ತದೆ. ಆಮೇಲೆ ಅವರು ಕೂತಲ್ಲಿಂದಲೇ, ಬಾಯಿಯಲ್ಲಿ ಚೂರು ಇರುವಾಗಲೇ, 'ಸ್ವಾಮೀ' ಎನ್ನುತ್ತಾರೆ, ಪಾರಿವಾಳಗಳು ಹಾರುತ್ತವೆ.